ಕ್ವಾರಿ ಬ್ಯಾಂಕ್ ಮಿಲ್ ನೋಡಿ ಬಂದು, ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ನಿನ್ನೆ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಹತ್ತಿರದ ಸ್ಟೈಯಲ್ ಅನ್ನೋ ಹಳ್ಳಿಗೆ ಹೋಗಿದ್ದೆ. ಅಲ್ಲಿ ಬೊಲಿನ್ ಹೊಳೆ ದಂಡೆಯಲ್ಲಿ ಕ್ವಾರಿ ಬ್ಯಾಂಕ್ ಎಂಬ ಹತ್ತಿ ಮಿಲ್ ಇದೆ. ಸ್ಯಾಮ್ಯುಯೆಲ್ ಗ್ರೆಗ್ 1784ರಲ್ಲಿ ಶುರು ಮಾಡಿದ್ದು, ಈಗ ಮ್ಯೂಸಿಯಂ. ಹತ್ತಿ ಮಿಲ್ಲುಗಳ ನಮ್ಮ ದಾವಣಗೆರೆ ಅಂದ್ರೆ ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕೇಳಿಕೊಂಡೇ ಬೆಳೆದವರಲ್ವಾ ನಾವು? ಅದಕ್ಕೇ ಹೋಗಿ ನೋಡಬೇಕು ಅನ್ನಿಸಿತ್ತು.

ಒಳಗೆ ಒಬ್ಬರು ಮಗ್ಗ ಚಾಲೂ ಮಾಡಿ ತೋರಿಸಿದರು. ಒಂದೇ ಒಂದು ಮಗ್ಗ. ನೆಲ ಅದುರಿದ್ದು ಅಂಗಾಲಿಗೆ ಗೊತ್ತಾಯಿತು. ಪಕ್ಕದಲ್ಲಿದ್ದವರ ಮಾತು ಕೇಳಿಸಲಿಲ್ಲ. ಇಂಥ ಮಗ್ಗಗಳ ಸಾಲಿನ ನಡುವೆ ಮೂವತ್ತು ವರ್ಷ ನಿಂತ ನಮ್ಮಪ್ಪ ನೆನಪಾದರು. ಮನೆಯಲ್ಲೂ ಅವರದು ಜೋರು ದನಿ. ಸಿಟ್ಟಿನ ಮನುಷ್ಯ ಅಂದುಕೊಂಡಿದ್ದೆ. ಅವರಿಗೆ ಕಿವಿ ಕೇಳಿಸುತ್ತಿರಲಿಲ್ಲ ಕಣೋ, ಅಷ್ಟೇ.

ನೂಲು ತೆಗೆಯುವ ಮ್ಯೂಲ್ ಯಂತ್ರದ ಮುಂದೆ ಜಾಸ್ತಿ ಹೊತ್ತು ನಿಂತೆ. ಅದರ ಉದ್ದನೆಯ ಗಾಡಿ ಮುಂದೆ ಬಂದು ಹಿಂದೆ ಹೋಗುತ್ತದೆ. ಆ ಕಾಲದಲ್ಲಿ ಅದು ಓಡುತ್ತಿರುವಾಗಲೇ ಮಕ್ಕಳು ಅಡಿಗೆ ನುಸುಳಿ ಉದುರಿದ ಹತ್ತಿ ಬಳಿದು ತೆಗೆಯಬೇಕಿತ್ತು. ದೊಡ್ಡವರ ಮೈ ಅಲ್ಲಿ ಹಿಡಿಸುವುದಿಲ್ಲ. ಬಡವರ ಆಶ್ರಯಮನೆಗಳಿಂದ ಕರೆತಂದ ಮಕ್ಕಳು ಇರುತ್ತಿದ್ದ ಮನೆಯನ್ನೂ ಉಳಿಸಿದ್ದಾರೆ. ಒಂದೊಂದು ಹಾಸಿಗೆಯಲ್ಲಿ ಇಬ್ಬಿಬ್ಬರು. ಥಾಮಸ್ ಪ್ರೀಸ್ಟ್ಲಿ ಅಂತ ಒಬ್ಬ ಹುಡುಗ, ಹದಿಮೂರು ವರ್ಷ. ಯಂತ್ರದ ಚಕ್ರಕ್ಕೆ ಸಿಕ್ಕಿ ಎಡಗೈಯ ತೋರುಬೆರಳು ಹೋಯಿತು. 1806ರಲ್ಲಿ ಅಮ್ಮನನ್ನು ನೋಡಬೇಕು ಅಂತ ಲಂಡನ್‌ಗೆ ಓಡಿಹೋದ. ಸಿಕ್ಕಿಬಿದ್ದ ಮೇಲೆ ಅಧಿಕಾರಿಗಳ ಮುಂದೆ ಅವನು ಕೊಟ್ಟ ಹೇಳಿಕೆ ಇವತ್ತಿಗೂ ಇದೆ. ಅದನ್ನು ಓದಿ ಸುಮ್ನೆ ಕೂತುಬಿಟ್ಟೆ.

ಆ ಮಿಲ್ಲಿಗೆ ಬರುತ್ತಿದ್ದ ಹತ್ತಿಯಲ್ಲಿ ಗುಲಾಮರು ಬೆಳೆದದ್ದೇ ಜಾಸ್ತಿ. ಗ್ರೆಗ್ ಮನೆತನಕ್ಕೆ ಕೆರಿಬಿಯನ್ ದ್ವೀಪ ಡೊಮಿನಿಕಾದಲ್ಲಿ ಗುಲಾಮರು ದುಡಿಯುವ ತೋಟವೂ ಇತ್ತು. ಇದನ್ನೂ ಮುಚ್ಚಿಟ್ಟಿಲ್ಲ. ಬರೀ ಯಂತ್ರ ಒರೆಸಿ ಇಟ್ಟಿದ್ದರೆ ನನಗೆ ಇಷ್ಟು ಹತ್ತಿರ ಆಗುತ್ತಿರಲಿಲ್ಲ.

ಇನ್ನೂರು ವರ್ಷದ ಹಿಂದೆ ಹೋದ ಒಂದು ಬೆರಳಿನ ಲೆಕ್ಕ ಅಲ್ಲಿದೆ. ನಮ್ಮಪ್ಪ ಯಾವ ಇಸವಿಯಲ್ಲಿ ಮಿಲ್ ಸೇರಿದರು ಅಂತ ನನಗೇ ಗೊತ್ತಿಲ್ಲ. ನಿಮ್ಮಪ್ಪನ ಮಿಲ್ಲಿನ ಹಿತ್ತಾಳೆ ಬಿಲ್ಲೆ ನಿಮ್ಮ ಅಟ್ಟದ ಮೇಲೆ ಟ್ರಂಕಿನಲ್ಲಿತ್ತಲ್ಲ, ಅದನ್ನು ಗುಜರಿಗೆ ಹಾಕಬೇಡ. ನಿಮ್ಮಮ್ಮನ ಹತ್ತಿರ ಕೂತು ಕೇಳು. ಯಾವ ಖಾತೆ, ಯಾವ ಪಾಳಿ, ಬುತ್ತಿ ಯಾರು ಒಯ್ಯುತ್ತಿದ್ದರು, ಎಲ್ಲಾ ಫೋನಿನಲ್ಲಿ ರೆಕಾರ್ಡ್ ಮಾಡು. ಡಿಸೆಂಬರ್‌ನಲ್ಲಿ ಬಂದಾಗ ನಮ್ಮಮ್ಮನ ಹತ್ತಿರ ನಾನೂ ಕೂರುತ್ತೇನೆ.

ನಿನ್ನ ಗೆಳೆಯ