ಪ್ರಾಧ್ಯಾಪಕರ ಬಡ್ತಿಗೆ ಪೀಣ್ಯದ ಲೇತ್ ಕೂಡ ಲೆಕ್ಕವಾಗಲಿ

ಮಾನ್ಯ ಸಂಪಾದಕರೇ,

ಎಂಜಿನಿಯರಿಂಗ್ ಕಾಲೇಜುಗಳ ಸಂಶೋಧನೆ ಸಣ್ಣ ಕೈಗಾರಿಕೆಗಳಿಗೆ ಉಪಯೋಗಕ್ಕೆ ಬರುವುದಿಲ್ಲ ಎಂಬ ದೂರು ಹಳೆಯದು. ದೂರುವವರು ಸಾಮಾನ್ಯವಾಗಿ ಮೇಷ್ಟ್ರುಗಳ ಆಸಕ್ತಿಯ ಕೊರತೆಯತ್ತ ಬೆರಳು ತೋರಿಸುತ್ತಾರೆ. ಲೋಹ ಕತ್ತರಿಸುವ ವಿಷಯ ಹಿಡಿದ ಮೆಕ್ಯಾನಿಕಲ್ ವಿಭಾಗದವರ ಮಟ್ಟಿಗೆ ಅದು ಪೂರ್ತಿ ಸರಿಯಲ್ಲ. ಬಡ್ತಿಯ ಲೆಕ್ಕವೇ ಅವರನ್ನು ಬೇಗ ಮುಗಿಯುವ, ಯಾರಿಗೂ ಬೇಡದ ಪ್ರಯೋಗದ ಕಡೆ ತಳ್ಳುತ್ತಿದೆ.

ತಾಂತ್ರಿಕ ಶಿಕ್ಷಣದ ರಾಷ್ಟ್ರೀಯ ಮಂಡಳಿ ಎಐಸಿಟಿಇಯ 2019ರ ನಿಯಮಾವಳಿಯ ಪ್ರಕಾರ ಸಹ ಪ್ರಾಧ್ಯಾಪಕ ಹುದ್ದೆಗೆ ನೇರ ನೇಮಕವಾಗಲು ಪಿಎಚ್.ಡಿ., 8 ವರ್ಷದ ಅನುಭವ ಮತ್ತು ಮಾನ್ಯತೆ ಪಡೆದ ನಿಯತಕಾಲಿಕೆಗಳಲ್ಲಿ ಕನಿಷ್ಠ 6 ಪ್ರಬಂಧ ಬೇಕು. ಪ್ರಾಧ್ಯಾಪಕರಾಗಲು 10 ವರ್ಷದ ಅನುಭವ, ಸಹ ಪ್ರಾಧ್ಯಾಪಕರಾಗಿದ್ದಾಗ ಮತ್ತೆ 6 ಪ್ರಬಂಧ, ಜೊತೆಗೆ ಇಬ್ಬರಿಗೆ ಪಿಎಚ್.ಡಿ. ಮಾರ್ಗದರ್ಶನ, ಇಲ್ಲವಾದರೆ 10 ಪ್ರಬಂಧ. ಇದರ ಮೇಲೆ ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆ ಪಾಠ, ಮೌಲ್ಯಮಾಪನ, ಮಾನ್ಯತಾ ಸಮಿತಿ ಬಂದಾಗ ಫೈಲುಗಳ ರಾಶಿ. ಇಷ್ಟರ ನಡುವೆ ಆರು ಪ್ರಬಂಧ ಬರೆಯುವವರಿಗೆ ಅತಿ ಹತ್ತಿರದ ದಾರಿ ಯಾವುದೆಂದು ಹೊಸದಾಗಿ ಸೇರಿದವರಿಗೂ ಗೊತ್ತು: ಟಗುಚಿ ವಿಧಾನದ ಎಲ್9 ಕೋಷ್ಟಕ, ಅಂದರೆ ಒಂಬತ್ತೇ ಪ್ರಯೋಗದ ಸಿದ್ಧ ಪಟ್ಟಿ.

ಒಂದು ಸರಳು ಉಕ್ಕು, ಮೂರು ವೇಗ, ಮೂರು ಫೀಡ್ (ಸರಳು ಒಂದು ಸುತ್ತು ತಿರುಗುವಾಗ ಕತ್ತರಿಸುವ ಟಿಪ್ ಸರಿಯುವ ದೂರ), ಮೂರು ಆಳ, ಒಟ್ಟು ಒಂಬತ್ತು ಕಟ್. ಅರ್ಧ ದಿನದಲ್ಲಿ ಲೇತ್ (ಲೋಹವನ್ನು ತಿರುಗಿಸಿ ಕತ್ತರಿಸುವ ಯಂತ್ರ) ಕೆಲಸ ಮುಗಿಯುತ್ತದೆ. ಒರಟುತನ ಅಳೆದು, ಸಾಫ್ಟ್‌ವೇರ್‌ಗೆ ಹಾಕಿದರೆ 'ಫೀಡ್‌ನ ಪ್ರಭಾವವೇ ಅತಿ ಹೆಚ್ಚು' ಎಂಬ ಉತ್ತರ ಬರುತ್ತದೆ. ಇದಕ್ಕೆ ಪ್ರಯೋಗವೇ ಬೇಕಿರಲಿಲ್ಲ. ಫೀಡ್‌ನ ವರ್ಗವನ್ನು ಟಿಪ್‌ನ ಮೂಗಿನ ತ್ರಿಜ್ಯದ 32 ಪಟ್ಟಿನಿಂದ ಭಾಗಿಸಿದರೆ ಸರಾಸರಿ ಒರಟುತನ ಅಂದಾಜಿಗೆ ಸಿಗುತ್ತದೆ. ಪ್ರತಿ ಸುತ್ತಿಗೂ 0.2 ಮಿ.ಮೀ. ಫೀಡ್, 0.8 ಮಿ.ಮೀ. ತ್ರಿಜ್ಯವಾದರೆ ಸುಮಾರು 1.6 ಮೈಕ್ರಾನ್, ಫೀಡ್ ಅರ್ಧ ಮಾಡಿದರೆ ಅದರ ಕಾಲುಭಾಗ. ಲೇತ್ ಆಪರೇಟರ್‌ಗೆ ಇದು ಸೂತ್ರವಿಲ್ಲದೆಯೂ ಗೊತ್ತು.

ಅದಕ್ಕಿಂತ ದೊಡ್ಡ ದೋಷ ಪ್ರಯೋಗದ ಒಳಗೇ ಇರುತ್ತದೆ. ಒಂಬತ್ತೂ ಕಟ್ ಟಿಪ್‌ನ ಒಂದೇ ಮೂಲೆ, ಅಂದರೆ ಕಾರ್ನರ್‌ನಲ್ಲಿ, ಕೋಷ್ಟಕದ ಕ್ರಮದಲ್ಲೇ ನಡೆದರೆ, ಕೊನೆಯ ಕಟ್‌ಗಳಲ್ಲಿ ಕಾಣುವುದು ಹೆಚ್ಚಿನ ವೇಗದ ಪರಿಣಾಮವೋ ಟಿಪ್‌ನ ಸವೆತವೋ ಹೇಳಲಾಗದು. ಕಟ್‌ಗಳನ್ನು ಮರುಮಾಡದಿದ್ದರೆ ಅಳತೆಯ ಏರಿಳಿತ ಎಷ್ಟೆಂಬುದೂ ತಿಳಿಯದು. ಎಲ್9ರಲ್ಲಿ ವೇಗ ಮತ್ತು ಫೀಡ್‌ನ ಪರಸ್ಪರ ಪರಿಣಾಮ ಉಳಿದ ಅಂಶಗಳ ಜೊತೆ ಬೆರೆತುಹೋಗಿರುತ್ತದೆ. ಪ್ರಬಂಧ ಮಾತ್ರ ಅಚ್ಚಾಗುತ್ತದೆ, ಅಂಕವೂ ಬೀಳುತ್ತದೆ.

ಪೀಣ್ಯದ ಶೆಡ್‌ನಲ್ಲೋ ಬೆಳಗಾವಿಯ ಉದ್ಯಮಬಾಗದಲ್ಲೋ ಎರಡು ಸಿಎನ್‌ಸಿ ಲೇತ್ (ಕಂಪ್ಯೂಟರ್ ನಡೆಸುವ ಲೇತ್) ಇಟ್ಟುಕೊಂಡು ಜಾಬ್ ವರ್ಕ್ ಮಾಡುವವರ ಪ್ರಶ್ನೆಯೇ ಬೇರೆ: ಈ ಟಿಪ್ ಎಷ್ಟು ಪೀಸ್ ಬರಬೇಕು? ವೇಗ ಏರಿಸಿದರೆ ಲಾಭವೋ ನಷ್ಟವೋ? ಇದು ಟಿಪ್‌ನ ಆಯಸ್ಸಿನ ಪ್ರಶ್ನೆ, ಅದಕ್ಕೆ ಕಾಲೇಜಿನಲ್ಲಿ ಉತ್ತರ ಸಿಗದಿರಲು ಕಾರಣ ಉಕ್ಕು. ಇಎನ್8 ದರ್ಜೆಯ ಉಕ್ಕಿನ ಸರಳನ್ನು ನಿಮಿಷಕ್ಕೆ 200 ಮೀಟರ್ ವೇಗ, 0.2 ಫೀಡ್, 1.5 ಮಿ.ಮೀ. ಆಳದಲ್ಲಿ ಕತ್ತರಿಸಿದರೆ ನಿಮಿಷಕ್ಕೆ 60 ಘನ ಸೆಂ.ಮೀ. ಚಿಪ್ ಆಗುತ್ತದೆ. ಕಾರ್ನರ್ 15 ನಿಮಿಷ ಬಾಳಿದರೆ ಒಂದು ಕಾರ್ನರ್‌ಗೇ ಸುಮಾರು 7 ಕಿಲೋ ಉಕ್ಕು. ನಾಲ್ಕು ವೇಗಗಳಲ್ಲಿ ತಲಾ ಮೂರು ಕಾರ್ನರ್ ಎಂದರೆ 85 ಕಿಲೋ ಹತ್ತಿರ. ಕಡಿಮೆ ವೇಗದಲ್ಲಿ ಟಿಪ್ ಹೆಚ್ಚು ಹೊತ್ತು ಬಾಳುವುದರಿಂದ ವಾಸ್ತವದಲ್ಲಿ ಇನ್ನೂ ಹೆಚ್ಚು. ಇಷ್ಟು ಉಕ್ಕಿಗೆ ಕಾಲೇಜಿನ ಪ್ರಯೋಗಾಲಯದಲ್ಲಿ ಹಣವಿಲ್ಲ. ಟಿಪ್‌ನ ಆಯಸ್ಸಿನ ಸೂತ್ರ ಕೊಟ್ಟ ಅಮೆರಿಕದ ಎಂಜಿನಿಯರ್ ಎಫ್.ಡಬ್ಲ್ಯು. ಟೇಲರ್ 26 ವರ್ಷದ ಪ್ರಯೋಗಗಳಲ್ಲಿ 8 ಲಕ್ಷ ಪೌಂಡ್‌ಗೂ ಹೆಚ್ಚು ಲೋಹವನ್ನು ಚಿಪ್ ಮಾಡಿದ್ದರು. ಆ ಪ್ರಯೋಗಗಳ ಕಾಲದಲ್ಲಿ ಅವರು ಪ್ರಾಧ್ಯಾಪಕರಾಗಿರಲಿಲ್ಲ, ಕಾರ್ಖಾನೆಯವರು ಎಂಬುದನ್ನು ಮರೆಯಬಾರದು.

ಆದರೆ ಶೆಡ್‌ನಲ್ಲಿ ಅದೇ ಉಕ್ಕು ದಿನಾ ಚಿಪ್ ಆಗುತ್ತಲೇ ಇರುತ್ತದೆ, ಖರ್ಚು ಗಿರಾಕಿಯದು. ಪ್ರಾಧ್ಯಾಪಕರು ಅಲ್ಲಿಗೆ ಅಳತೆಯ ಸಾಮಾನು ಹಿಡಿದು ಹೋದರೆ ಸಾಕು. ಕತ್ತರಿಸುವ ಬಲ ಅಳೆಯುವ ಹತ್ತಾರು ಲಕ್ಷದ ಡೈನಮೋಮೀಟರ್ ಬೇಡ. ಯುಎಸ್‌ಬಿ ಸೂಕ್ಷ್ಮದರ್ಶಕ, ಅದನ್ನು ಸರಿಹೊಂದಿಸಲು ಗೆರೆ ಕೊರೆದ ಗಾಜಿನ ಅಳತೆಪಟ್ಟಿ, ಕೈಯಲ್ಲಿ ಹಿಡಿಯುವ ಗಡಸುತನ ಮಾಪಕ, ಕೂಲೆಂಟ್‌ನ (ತಣಿಸಲು ಸುರಿಯುವ ಎಣ್ಣೆ-ನೀರಿನ) ಸಾಂದ್ರತೆ ನೋಡಲು ರಿಫ್ರ್ಯಾಕ್ಟೋಮೀಟರ್. ಇಷ್ಟೇ.

ಮೊದಲ ಎರಡು ವಾರ ಏನನ್ನೂ ಬದಲಿಸಬಾರದು. ಮೇಷ್ಟ್ರು ತಮ್ಮ ಜಾಬ್ ಮೇಲೆ ಪ್ರಯೋಗ ಮಾಡಿ ಪೀಸ್ ರಿಜೆಕ್ಟ್ ಮಾಡಿಸುತ್ತಾರೆ ಎಂಬುದೇ ಶೆಡ್ ಮಾಲೀಕರ ದೊಡ್ಡ ಭಯ, ಅದು ನ್ಯಾಯವಾದದ್ದೇ. ದಿನಕ್ಕೆ ನೂರಾರು ಓಡುವ ಒಂದು ಪೀಸ್ ಆರಿಸಿ, ಈಗ ನಡೆಯುತ್ತಿರುವುದನ್ನೇ ಅಳೆಯಬೇಕು. ಬಂದ ಪ್ರತಿ ಲಾಟ್‌ನಲ್ಲಿ ಐದು ಸರಳಿನ ಗಡಸುತನ ಬರೆದಿಡಬೇಕು. ಬಿಲ್‌ನಲ್ಲಿ ಇಎನ್8 ಎಂದಿದ್ದರೂ ಕಾಯಿಸಿ ಗಾಳಿಯಲ್ಲಿ ಆರಿಸಿ ನಾರ್ಮಲೈಸ್ ಆದದ್ದು ಮತ್ತು ಆಗದ್ದು ಬೇರೆ ಬೇರೆ ರೀತಿ ಟಿಪ್ ತಿನ್ನುತ್ತವೆ. ನಿಜವಾದ ವೇಗವನ್ನು ಪ್ರೋಗ್ರಾಂನಿಂದಲೇ ಲೆಕ್ಕ ಹಾಕಬೇಕು. ವೇಗ ನಿಗದಿಸುವ ಜಿ96 ಆದೇಶದಲ್ಲಿ 200 ಮೀಟರ್ ಎಂದು ಬರೆದು ಸುತ್ತಿನ ಮಿತಿಯ ಜಿ50ಯಲ್ಲಿ 2000 ಆರ್‌ಪಿಎಂ ಮಿತಿ ಹಾಕಿದ್ದರೆ, 20 ಮಿ.ಮೀ. ವ್ಯಾಸದಲ್ಲಿ ಸಿಗುವುದು 126 ಮೀಟರ್ ಮಾತ್ರ. ಇದನ್ನು ನೋಡದೆ ಬಿಡಿಸಿದ ಗ್ರಾಫ್‌ಗೆ ಅರ್ಥವಿಲ್ಲ.

ಸವೆತವನ್ನು 5ನೇ, 20ನೇ, 40ನೇ, 60ನೇ ಪೀಸ್ ಹೀಗೆ ಅಳೆಯುತ್ತಾ ಹೋಗಬೇಕು. ಮೊದಲು ಬೇಗ, ಆಮೇಲೆ ನಿಧಾನ, ಕೊನೆಗೆ ಮತ್ತೆ ಬೇಗ ಸವೆಯುವುದರಿಂದ ಎರಡೇ ಅಳತೆಯಿಂದ ಗೆರೆ ಎಳೆದರೆ ಮೋಸ ಹೋಗುತ್ತೇವೆ. ಫ್ಲ್ಯಾಂಕ್ (ಟಿಪ್‌ನ ಪಕ್ಕದ ಮೈ) ಸವೆತ ಸಮನಾಗಿದ್ದರೆ ಸರಾಸರಿ 0.3 ಮಿ.ಮೀ., ಏರುಪೇರಾಗಿದ್ದರೆ ಅತಿ ಹೆಚ್ಚು 0.6 ಮಿ.ಮೀ. ಎಂಬುದು ಟಿಪ್ ಆಯಸ್ಸಿನ ಪರೀಕ್ಷೆಯ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 3685ರ ಮಿತಿ. ಶೆಡ್‌ನಲ್ಲಿ ಅದಕ್ಕೂ ಮೊದಲೇ ಸೈಜ್ ಕೈಕೊಡಬಹುದು. ಆಗ ಆ ಸವೆತವೇ ಮಿತಿ, ಪುಸ್ತಕದ್ದಲ್ಲ.

ತಪ್ಪಾಗುವ ಜಾಗ ಟಿಪ್ ಬಿಚ್ಚುವುದರಲ್ಲಿದೆ. ಬಿಚ್ಚಿ ಮತ್ತೆ ಕೂರಿಸಿದಾಗ ಸೀಟ್‌ನಲ್ಲಿ ಒಂದು ಚಿಪ್ ಚೂರು ಸಿಕ್ಕಿದರೂ ಸೈಜ್ ಬದಲಾಗುತ್ತದೆ, ಆಪರೇಟರ್‌ಗೆ ಕೋಪ ಬರುತ್ತದೆ. ಸಾಧ್ಯವಾದಷ್ಟು ಬಿಚ್ಚದೆಯೇ ಚಿತ್ರ ತೆಗೆಯಬೇಕು. ಬಿಚ್ಚಲೇಬೇಕಾದರೆ ಸೀಟ್ ಒರೆಸಿ, ಮುಂದಿನ ಪೀಸ್ ಅಳೆದು, ಟಿಪ್ ನಿಲ್ಲುವ ಜಾಗದ ಆಫ್‌ಸೆಟ್ ಸರಿಮಾಡಿಯೇ ಹೊರಡಬೇಕು. ಇನ್ನೊಂದು ಕೂಲೆಂಟ್. ನೀರು ಆವಿಯಾಗಿ ಸಾಂದ್ರತೆ ಏರುತ್ತದೆ, ಬರೀ ನೀರು ಸುರಿದರೆ ಇಳಿಯುತ್ತದೆ. ರಿಫ್ರ್ಯಾಕ್ಟೋಮೀಟರ್ 4 ತೋರಿಸಿ, ಆ ಎಣ್ಣೆಯ ಗುಣಕ 1.5 ಇದ್ದರೆ ನಿಜವಾದ ಸಾಂದ್ರತೆ ಶೇ 6. ಗುಣಕ ಎಣ್ಣೆಯಿಂದ ಎಣ್ಣೆಗೆ ಬೇರೆ, ಡಬ್ಬಿ ನೋಡಬೇಕು. ಸೋಮವಾರ ಬೆಳಿಗ್ಗೆ ಟ್ಯಾಂಕ್ ವಾಸನೆ ಹೊಡೆದರೆ ಆ ವಾರದ ಅಳತೆಗಳನ್ನು ಅನುಮಾನದಿಂದಲೇ ನೋಡಬೇಕು.

ಇಷ್ಟಾದ ಮೇಲೆ ವೇಗ ಒಂದನ್ನೇ ಬದಲಿಸಿ, ಪ್ರತಿ ವೇಗಕ್ಕೂ ಮೂರು ಹೊಸ ಕಾರ್ನರ್. ಸಿಎನ್‌ಎಂಜಿ ಟಿಪ್‌ಗೆ ನಾಲ್ಕು ಕಾರ್ನರ್ ಇರುವುದರಿಂದ ಒಂದು ಟಿಪ್‌ಗೆ ಒಂದು ವೇಗ ಮುಗಿದು ಒಂದು ಕಾರ್ನರ್ ಉಳಿಯುತ್ತದೆ. ಕಾರ್ಬೈಡ್‌ಗೆ ಟೇಲರ್ ಸೂತ್ರದ ಘಾತಾಂಕ (ವೇಗಕ್ಕೂ ಆಯಸ್ಸಿಗೂ ಇರುವ ನಂಟಿನ ಅಂಕಿ) 0.25ರ ಆಸುಪಾಸು ಬಂದರೆ, ವೇಗ ಶೇ 20 ಏರಿಸಿದಾಗ ಆಯಸ್ಸು ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಶೆಡ್‌ನಲ್ಲಿ ಎಲ್ಲರೂ ವೇಗ ಏರಿಸಲು ಹೆದರುವುದು ಇದಕ್ಕೇ.

ಆ ಹೆದರಿಕೆ ಯಾವಾಗಲೂ ಲಾಭದ್ದಲ್ಲ. ಯಂತ್ರದ ಖರ್ಚು ಗಂಟೆಗೆ 600 ರೂಪಾಯಿ, ಒಂದು ಕಾರ್ನರ್‌ಗೆ 100 ರೂಪಾಯಿ, ಟಿಪ್ ತಿರುಗಿಸಲು 2 ನಿಮಿಷ ಎಂದಿಟ್ಟುಕೊಳ್ಳಿ. ಘಾತಾಂಕ 0.25 ಆದರೆ ಅತಿ ಕಡಿಮೆ ಖರ್ಚಿನ ಆಯಸ್ಸು 36 ನಿಮಿಷ. ಟಿಪ್ ಉಳಿಸಲೆಂದು 90 ನಿಮಿಷ ಬಾಳುವಷ್ಟು ನಿಧಾನ ಓಡಿಸಿದರೆ ಕತ್ತರಿಸುವ ಖರ್ಚು ಸುಮಾರು ಶೇ 7 ಹೆಚ್ಚು. ಆತುರಪಟ್ಟು 15 ನಿಮಿಷಕ್ಕೆ ಇಳಿಸಿದರೆ ಶೇ 8 ಹೆಚ್ಚು. ಪೈಸೆ ಲೆಕ್ಕದಲ್ಲಿ ಆರ್ಡರ್ ಹಿಡಿಯುವ ಜಾಬ್ ವರ್ಕ್‌ನಲ್ಲಿ ಇದು ಸಣ್ಣ ಅಂತರವಲ್ಲ. ಈ ಲೆಕ್ಕ ಪಠ್ಯದಲ್ಲಿದೆ, ಆರನೇ ಸೆಮಿಸ್ಟರ್ ಹುಡುಗರೂ ಬಿಡಿಸುತ್ತಾರೆ. ಇಲ್ಲದಿರುವುದು ಆ ಶೆಡ್‌ನ, ಆ ಉಕ್ಕಿನ, ಆ ಟಿಪ್‌ನ ಘಾತಾಂಕ. ಅದನ್ನು ತಂದುಕೊಡುವುದು ಸಂಶೋಧನೆಯಲ್ಲದೆ ಮತ್ತೇನು?

ಇಂಥ ಕೆಲಸಕ್ಕೆ ಆರು ತಿಂಗಳು ಹಿಡಿಯುತ್ತದೆ, ಪ್ರಬಂಧ ಹೆಚ್ಚೆಂದರೆ ಒಂದು. ಅಷ್ಟರಲ್ಲಿ ಪಕ್ಕದ ಕೊಠಡಿಯವರು ಮೂರು ಎಲ್9 ಮುಗಿಸಿ ಸಹ ಪ್ರಾಧ್ಯಾಪಕರಾಗಿರುತ್ತಾರೆ. ಸಲಹಾ ಕೆಲಸವನ್ನು ಬಂದ ಹಣದ ಮೊತ್ತದಲ್ಲಿ ಅಳೆಯುವ ರ‍್ಯಾಂಕಿಂಗ್ ಪದ್ಧತಿಯೂ ಶೆಡ್‌ಗೆ ಪ್ರತಿಕೂಲ: ಹತ್ತು ಸಾವಿರ ಕೊಡಲು ಯೋಚಿಸುವವರ ಬಳಿಗೆ ಹೋಗುವವರಿಗಿಂತ ದೊಡ್ಡ ಕಂಪನಿಯ ಬಾಗಿಲು ಕಾಯುವವರಿಗೇ ಅಂಕ.

ಆದ್ದರಿಂದ ಎಐಸಿಟಿಇ ಮುಂದಿನ ತಿದ್ದುಪಡಿಯಲ್ಲಿ, ಶೆಡ್‌ನಲ್ಲಿ ಮಾಡಿದ ಪೂರ್ಣ ಟಿಪ್ ಆಯಸ್ಸಿನ ವರದಿಯನ್ನು ಒಂದು ಪ್ರಬಂಧಕ್ಕೆ ಸಮನೆಂದು ಪರಿಗಣಿಸಬೇಕು. ಅಲ್ಲಿಯವರೆಗೆ ಕಾಯದೆ ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ತನ್ನ ಪಿಎಚ್.ಡಿ. ನಿಯಮದಲ್ಲಿ, ಲೋಹ ಕತ್ತರಿಸುವ ವಿಷಯದ ಮಹಾಪ್ರಬಂಧಗಳಿಗೆ ಸಣ್ಣ ಕಾರ್ಖಾನೆಯ ಅಳತೆಗಳ ಒಂದು ಅಧ್ಯಾಯ ಕಡ್ಡಾಯ ಮಾಡಬಹುದು. ಸುಳ್ಳು ವರದಿ ಬರುತ್ತದೆಂಬ ಆತಂಕಕ್ಕೆ ಉಪಾಯವಿದೆ: ಪ್ರತಿ ಹಂತದ ಸವೆತದ ಚಿತ್ರ ಅಳತೆಪಟ್ಟಿಯೊಂದಿಗೆ, ಟಿಪ್‌ನ ಬ್ಯಾಚ್ ಸಂಖ್ಯೆ, ಲಾಟ್‌ನ ಗಡಸುತನ, ಕಚ್ಚಾ ಓದುಗಳು ಪೂರ್ತಿ. ಪರಿಶೀಲನೆಗೆ 1962ರಿಂದ ಬೆಂಗಳೂರಿನಲ್ಲೇ ಇರುವ ಕೇಂದ್ರೀಯ ಉತ್ಪಾದನಾ ತಂತ್ರಜ್ಞಾನ ಸಂಸ್ಥೆಯಂಥ ಕಡೆಯ ತಜ್ಞರಿದ್ದಾರೆ. ಗಿರಾಕಿಯ ಡ್ರಾಯಿಂಗ್ ಗೋಪ್ಯವಾಗಿರಬೇಕೆಂಬ ಮಾತು ಬಂದರೆ, ಸವೆತದ ಅಂಕಿಗೆ ಡ್ರಾಯಿಂಗೇ ಬೇಡ. ಲೋಹ, ವ್ಯಾಸ, ಟಿಪ್, ವೇಗ ಸಾಕು.

ಕಾಲೇಜುಗಳು ಮಾಡಬೇಕಾದ್ದು ವಾರದಲ್ಲಿ ಒಂದು ಪೂರ್ತಿ ದಿನವನ್ನು ವೇಳಾಪಟ್ಟಿಯಿಂದ ತೆರವು ಮಾಡಿಕೊಡುವುದು. ಎರಡು ಪಿರಿಯಡ್ ನಡುವೆ ಪೀಣ್ಯಕ್ಕೆ ಹೋಗಿ ಬರಲು ತುಮಕೂರು ರಸ್ತೆಯ ಟ್ರಾಫಿಕ್ ಬಿಡುವುದಿಲ್ಲ. ವರದಿಯ ಜೊತೆ ಕನ್ನಡದಲ್ಲಿ ಒಂದು ಹಾಳೆಯೂ ಇರಲಿ: ಈ ಲಾಟ್‌ಗೆ ಈ ವೇಗ, ಇಷ್ಟು ಪೀಸ್‌ಗೆ ಕಾರ್ನರ್ ತಿರುಗಿಸಿ. ಯಂತ್ರದ ಬಾಗಿಲಿಗೆ ಅಂಟಿಸುವುದು ಅದನ್ನೇ.

ಇಂತಿ,
ಯಂತ್ರಗಾರಿಕೆ ಬಲ್ಲ ಓದುಗರು, ಬೆಂಗಳೂರು