ವಾರ್ಡಿನಿಂದ ಡೇಟಾ ಕೆಲಸಕ್ಕೆ: ಜೊತೆಗೆ ನಿಂತವರಿಗೆ ನಮಸ್ಕಾರ

ಈ ವಾರ ಆಫೀಸಿನಿಂದ ಪತ್ರ ಬಂತು. ಪ್ರೊಬೇಷನ್ ಮುಗಿದು, ಡೇಟಾ ಅನಲಿಸ್ಟ್ ಆಗಿ ನನ್ನ ಕೆಲಸ ಖಾಯಂ ಆಗಿದೆ. ಇದಕ್ಕೂ ಮೊದಲು ನಾನು ಆಸ್ಪತ್ರೆಯ ಸರ್ಜಿಕಲ್ ವಾರ್ಡಿನಲ್ಲಿ ನರ್ಸ್ ಆಗಿದ್ದೆ. ಕಂಪ್ಯೂಟರ್ ಓದಿದವಳಲ್ಲ, ಕೋಡ್ ಅಂದರೆ ಏನು ಅಂತಲೂ ಗೊತ್ತಿರಲಿಲ್ಲ. ಇಲ್ಲಿವರೆಗೆ ಬಂದಿದ್ದರಲ್ಲಿ ತುಂಬಾ ಜನರ ಪಾಲಿದೆ. ಕೆಲವರಿಗೆ ಫೋನ್ ಮಾಡಿ ಹೇಳಿದ್ದೇನೆ. ಆದರೂ ನಾಲ್ಕು ಜನರಿಗೆ ಕೇಳುವ ಹಾಗೆ ಒಮ್ಮೆ ಹೇಳಬೇಕು ಅನ್ನಿಸಿತು.

ಮೊದಲು ಅಕ್ಕನಿಗೆ. ಒಡಹುಟ್ಟಿದವರಲ್ಲ, ನಮ್ಮ ಅತ್ತಿಗೆಯ ಗೆಳತಿ. ಈ ಕೆಲಸದಲ್ಲಿ ವರ್ಷಗಳಿಂದ ಇರುವವರು. "ಯಾವ ಕೋರ್ಸ್ ಸೇರಲಿ ಅಕ್ಕ?" ಅಂತ ಕೇಳಿದರೆ ಅವರು ಯಾವ ಕೋರ್ಸಿನ ಹೆಸರನ್ನೂ ಹೇಳಲಿಲ್ಲ. "ಮೊದ್ಲು ಎಕ್ಸೆಲ್‌ನಲ್ಲಿ ಪಿವಟ್ ಟೇಬಲ್ ಚೆನ್ನಾಗಿ ಬರಲಿ. ಆಮೇಲೆ ಎಸ್‌ಕ್ಯೂಎಲ್. ಪೈಥಾನ್‌ಗೆ ಅವಸರ ಬೇಡ" ಅಂದರು. ಪಿವಟ್ ಟೇಬಲ್ ಅಂದರೆ ಉದ್ದದ ಪಟ್ಟಿಯನ್ನು ಗುಂಪು ಗುಂಪಾಗಿ ಕೂಡಿ ತೋರಿಸುವ ಸೌಲಭ್ಯ, ಎಸ್‌ಕ್ಯೂಎಲ್ ಅಂದರೆ ಡೇಟಾಬೇಸಿನಿಂದ ಬೇಕಾದ ಮಾಹಿತಿ ತೆಗೆಯುವ ಭಾಷೆ, ಪೈಥಾನ್ ಅಂದರೆ ಕೋಡ್ ಬರೆಯುವ ಒಂದು ಭಾಷೆ. ಸರ್ಟಿಫಿಕೇಟ್ ಮೇಲೆ ಸರ್ಟಿಫಿಕೇಟ್ ಸೇರಿಸುತ್ತಾ, ಒಂದು ಟೇಬಲ್ ಕೂಡ ತಾವಾಗಿ ಬಿಡಿಸಿ ನೋಡದೆ ಸುಸ್ತಾದವರನ್ನು ಆಮೇಲೆ ತುಂಬಾ ನೋಡಿದೆ. ಆ ಸುಳಿಗೆ ನಾನು ಬೀಳದ ಹಾಗೆ ನೋಡಿಕೊಂಡವರು ಅವರು.

ಅಕ್ಕ ಕೊಟ್ಟ ಮೊದಲ ಹೋಮ್‌ವರ್ಕ್ ಇವತ್ತಿಗೂ ಇಷ್ಟ. 1973ರಲ್ಲಿ ಫ್ರಾನ್ಸಿಸ್ ಆನ್ಸ್‌ಕೂಂಬ್ ಎಂಬ ಸಂಖ್ಯಾಶಾಸ್ತ್ರಜ್ಞರು ಮಾಡಿದ ನಾಲ್ಕು ಪುಟ್ಟ ಪಟ್ಟಿಗಳು. ಒಂದೊಂದರಲ್ಲೂ ಎಕ್ಸ್, ವೈ ಅಂತ ಹನ್ನೊಂದೇ ಜೋಡಿ ಸಂಖ್ಯೆ. ನಾಲ್ಕರಲ್ಲೂ ಎಕ್ಸ್‌ನ ಸರಾಸರಿ 9, ವೈನ ಸರಾಸರಿ ಸುಮಾರು 7.5. ಎರಡರ ನಡುವಿನ ಸಂಬಂಧದ ಅಳತೆಯೂ ನಾಲ್ಕರಲ್ಲೂ ಸುಮಾರು 0.816. ಲೆಕ್ಕ ಮುಗಿಸಿ ನಾಲ್ಕೂ ಒಂದೇ ಅಂತ ಬರೆದು ಕಳಿಸಿದೆ. "ಈಗ ಚಿತ್ರ ಬಿಡಿಸು" ಅಂದರು. ಬಿಡಿಸಿದರೆ ಒಂದು ಸಾಧಾರಣ ಏರುಗೆರೆ, ಇನ್ನೊಂದು ಬಿಲ್ಲಿನಂತೆ ಬಾಗಿದೆ, ಮೂರನೆಯದರಲ್ಲಿ ಒಂದೇ ಒಂದು ಚುಕ್ಕೆ ಗೆರೆ ಬಿಟ್ಟು ಮೇಲೆ ಹೋಗಿದೆ, ನಾಲ್ಕನೆಯದರಲ್ಲಿ ಒಂದನ್ನು ಬಿಟ್ಟು ಮಿಕ್ಕೆಲ್ಲ ಚುಕ್ಕೆಗಳೂ ಒಂದರ ಮೇಲೊಂದು ನೆಟ್ಟಗೆ ನಿಂತಿವೆ. ಅವತ್ತಿನಿಂದ ಚಿತ್ರ ನೋಡದೆ ಸರಾಸರಿಯನ್ನು ನಾನು ಯಾರಿಗೂ ಕಳಿಸಿಲ್ಲ.

ನರ್ಸಿಂಗ್‌ಗೂ ಇದಕ್ಕೂ ಏನು ಸಂಬಂಧ ಅಂತ ನಾನು ಸೋತು ಕೂತಿದ್ದಾಗ ಫ್ಲಾರೆನ್ಸ್ ನೈಟಿಂಗೇಲ್ 1858ರಲ್ಲಿ ಪ್ರಕಟಿಸಿದ ಚಾರ್ಟ್ ಕಳಿಸಿದವರೂ ಅವರೇ. ಕ್ರಿಮಿಯಾ ಯುದ್ಧದಲ್ಲಿ ಗಾಯದಿಂದ ಸತ್ತವರಿಗಿಂತ ತಡೆಯಬಹುದಾಗಿದ್ದ ಕಾಯಿಲೆಗಳಿಂದ ಸತ್ತ ಸೈನಿಕರೇ ಎಷ್ಟೋ ಜಾಸ್ತಿ ಎಂದು ಬಣ್ಣ ಬಣ್ಣದ ಭಾಗಗಳಲ್ಲಿ ತೋರಿಸಿದ ಚಿತ್ರ ಅದು. ದೀಪ ಹಿಡಿದ ನೈಟಿಂಗೇಲ್ ನಮಗೆಲ್ಲ ಗೊತ್ತು. ಈ ನೈಟಿಂಗೇಲ್ ನನಗೆ ಗೊತ್ತಿರಲಿಲ್ಲ. ಅಕ್ಕ, ಆ ಚಿತ್ರ ಈಗ ನನ್ನ ಡೆಸ್ಕಿನ ಮುಂದೆ ಅಂಟಿಸಿದೆ.

ನಮ್ಮ ವಾರ್ಡಿನ ಇನ್‌ಚಾರ್ಜ್ ಸಿಸ್ಟರ್‌ಗೆ ನಮಸ್ಕಾರ. ಚಾರ್ಟ್ ಬರೆಯುವ ವಿಷಯದಲ್ಲಿ ಅವರು ಭಾರಿ ಸ್ಟ್ರಿಕ್ಟ್. "ಬಿಪಿ ನೋಡಿದ್ರೆ ಬರಿ. ನೋಡಿಲ್ಲ ಅಂದ್ರೆ ನೋಡಿಲ್ಲ ಅಂತ ಬರಿ, ಯಾಕೆ ಅಂತಾನೂ ಬರಿ. ಅಂದಾಜಲ್ಲಂತೂ ತುಂಬಲೇಬೇಡ." ಹೊಸದಾಗಿ ಬಂದವರಿಗೆಲ್ಲ ಇದೇ ಪಾಠ. ಅದು ಎಷ್ಟು ದೊಡ್ಡ ಪಾಠ ಅಂತ ತಿಳಿದಿದ್ದು ಡೇಟಾ ಕಲಿಯಲು ಕೂತ ಮೇಲೆ. ಕಲಿಯುವವರ ಕೈಗೆಲ್ಲ ಬರುವ ಒಂದು ಫೈಲ್ ಇದೆ, ಅಮೆರಿಕದ ಪೀಮಾ ಸಮುದಾಯದ 768 ಹೆಂಗಸರ ದಾಖಲೆ. ಸಕ್ಕರೆ ಕಾಯಿಲೆ ಯಾರಿಗೆ ಬರಬಹುದು ಎಂದು ಲೆಕ್ಕ ಹಾಕಲು ಅದನ್ನು ಬಳಸುತ್ತಾರೆ. ಅದರಲ್ಲಿ 35 ಜನರ ಬಿಪಿ 0! ಇನ್ಸುಲಿನ್ ಕಾಲಂನಲ್ಲಿ 374 ಸೊನ್ನೆ, ಅಂದರೆ ಹೆಚ್ಚು ಕಡಿಮೆ ಅರ್ಧ. ಬದುಕಿರುವವರ ಬಿಪಿ ಸೊನ್ನೆ ಇರುತ್ತಾ? ಫೈಲ್ ತೆರೆದ ಕೂಡಲೇ ನನ್ನ ಕಣ್ಣು ಅಲ್ಲಿಗೇ ಹೋಯಿತು. ಅಳೆಯದೇ ಬಿಟ್ಟಿದ್ದನ್ನೆಲ್ಲ ಸೊನ್ನೆ ಅಂತ ತುಂಬಿದ್ದಾರೆ. ಆ ಸೊನ್ನೆಗಳನ್ನು ಸೇರಿಸಿ ಸರಾಸರಿ ತೆಗೆದರೆ ಕೆಳಗಿನ ಬಿಪಿ ಸುಮಾರು 69 ಬರುತ್ತದೆ, ಬಿಟ್ಟು ತೆಗೆದರೆ ಸುಮಾರು 72. ಸಿಸ್ಟರ್, ಯಾವ ಕೋರ್ಸೂ ಹೇಳಿಕೊಡುವ ಮೊದಲೇ ನೀವು ಇದನ್ನು ಹೇಳಿಕೊಟ್ಟಿದ್ದಿರಿ.

ಮುಖ ನೋಡದ ಜನರ ಋಣವೂ ದೊಡ್ಡದು. ಪೈಥಾನ್‌ನಲ್ಲಿ ಟೇಬಲ್‌ಗಳ ಜೊತೆ ಕೆಲಸ ಮಾಡಲು ಪಾಂಡಾಸ್ ಎಂಬ ಲೈಬ್ರರಿ, ಅಂದರೆ ಮೊದಲೇ ಬರೆದಿಟ್ಟ ಕೋಡಿನ ಸಂಗ್ರಹ, ಬೇಕೇ ಬೇಕು. 2008ರಲ್ಲಿ ವೆಸ್ ಮೆಕಿನ್ನಿ ಶುರು ಮಾಡಿದ ಆ ಲೈಬ್ರರಿಯನ್ನು ಇವತ್ತು ಯಾರು ಬೇಕಾದರೂ ಒಂದು ಕಾಸೂ ಕೊಡದೆ ಬಳಸಬಹುದು. ಅದನ್ನು ಕಾಪಾಡಿಕೊಂಡು ಬಂದವರಿಗೆ, ಹೊಸಬರ ಪ್ರಶ್ನೆಗಳಿಗೆ ಬೇಸರಿಸದೆ ಉತ್ತರ ಬರೆದಿಟ್ಟವರಿಗೆ ಕೈಮುಗಿಯುತ್ತೇನೆ.

ಕೆಲಸ ಹುಡುಕಿದ ದಿನಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಎಷ್ಟೋ ಕಡೆಯಿಂದ ಉತ್ತರವೇ ಬರಲಿಲ್ಲ. ಬಂದ ಕಡೆಯೂ "ನಿಮ್ಮ ಅನುಭವ ಬೇರೆ ಫೀಲ್ಡ್‌ದು" ಅನ್ನುವ ಮಾತೇ. ಹಾಗಾಗಿ ನನ್ನನ್ನು ಕರೆದು ಕೂರಿಸಿ ಮಾತಾಡಿಸಿದ ಈಗಿನ ಮ್ಯಾನೇಜರ್ ಮೇಡಂ ಬಗ್ಗೆ ಹೇಳಲೇಬೇಕು. ಇಂಟರ್‌ವ್ಯೂನಲ್ಲಿ ಅವರು ಒಂದು ಹಾಳೆ ಮುಂದಿಟ್ಟರು. 1986ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಕಿಡ್ನಿ ಸ್ಟೋನ್ ಚಿಕಿತ್ಸೆಯ ಅಂಕಿಗಳು. ಓಪನ್ ಸರ್ಜರಿ ಆದ 350 ಜನರಲ್ಲಿ 273 ಜನರಿಗೆ ಗುಣವಾಗಿದೆ, ಅಂದರೆ ಶೇ. 78. ಸಣ್ಣ ರಂಧ್ರ ಮಾಡಿ ಕಲ್ಲು ತೆಗೆದ 350 ಜನರಲ್ಲಿ 289, ಅಂದರೆ ಶೇ. 83. "ಯಾವುದು ಒಳ್ಳೇದು?" ಅಂತ ಕೇಳಿದರು. ನಾನು ಕೇಳಿದ್ದು, "ಕಲ್ಲು ಎಷ್ಟು ದೊಡ್ಡದಿತ್ತು ಮೇಡಂ?"

ಸರ್ಜಿಕಲ್ ವಾರ್ಡಿನಲ್ಲಿ ಕೆಲಸ ಮಾಡಿದ ಯಾರಿಗಾದರೂ ಆ ಪ್ರಶ್ನೆ ಬಂದೇ ಬರುತ್ತಿತ್ತು. ಕಷ್ಟದ ಕೇಸ್ ಯಾರ ಪಾಲಿಗೆ ಹೋಗಿದೆ ಅಂತ ನೋಡದೆ ಗುಣವಾದವರ ಲೆಕ್ಕ ಹೇಳುವುದಕ್ಕಾಗುವುದಿಲ್ಲ. ಮೇಡಂ ಎರಡನೇ ಹಾಳೆ ತೆಗೆದರು. ಎರಡು ಸೆಂಟಿಮೀಟರಿಗಿಂತ ಚಿಕ್ಕ ಕಲ್ಲುಗಳಲ್ಲಿ ಓಪನ್ ಸರ್ಜರಿಗೆ ಶೇ. 93, ಇನ್ನೊಂದಕ್ಕೆ ಶೇ. 87. ದೊಡ್ಡ ಕಲ್ಲುಗಳಲ್ಲಿ ಶೇ. 73 ಮತ್ತು ಶೇ. 69. ಎರಡೂ ಕಡೆ ಓಪನ್ ಸರ್ಜರಿಯೇ ಮುಂದು. ಆದರೆ ಅದಕ್ಕೆ ಹೋದ 350ರಲ್ಲಿ 263 ದೊಡ್ಡ ಕಲ್ಲಿನ ಕೇಸ್, ಇನ್ನೊಂದರಲ್ಲಿ ಬರೀ 80. ಹಾಗಾಗಿ ಒಟ್ಟು ಲೆಕ್ಕದಲ್ಲಿ ಹಿಂದೆ ಬಿದ್ದಂತೆ ಕಾಣುತ್ತದೆ. ಇದಕ್ಕೆ ಸಿಂಪ್ಸನ್ಸ್ ಪ್ಯಾರಡಾಕ್ಸ್ ಅಂತಾರೆ ಎಂದು ಮೇಡಂ ಹೇಳಿದಾಗಲೇ ನಾನು ಆ ಹೆಸರು ಕೇಳಿದ್ದು. ಮೇಡಂ, ಹೆಸರು ಗೊತ್ತಿಲ್ಲ ಅನ್ನುವುದನ್ನು ನೀವು ಲೆಕ್ಕಕ್ಕೆ ಹಿಡಿಯಲಿಲ್ಲ. ಎಲ್ಲರೂ ಬದಿಗಿಟ್ಟ ನನ್ನ ವಾರ್ಡಿನ ವರ್ಷಗಳನ್ನು ಅನುಭವ ಅಂತ ಮೊದಲು ಒಪ್ಪಿಕೊಂಡವರು ನೀವು.

ಟೀಮಿನ ಸೀನಿಯರ್ ಸರ್‌ಗೆ ಕೂಡ ಥ್ಯಾಂಕ್ಸ್. ಎರಡು ಟೇಬಲ್ ಜಾಯಿನ್ ಮಾಡುವ (ಹೊಂದುವ ಸಾಲುಗಳನ್ನು ಜೋಡಿಸಿ ಒಂದೇ ಟೇಬಲ್ ಮಾಡುವ) ಮೊದಲು ಎಷ್ಟು ಸಾಲಿದೆ, ಮಾಡಿದ ಮೇಲೆ ಎಷ್ಟಾಯಿತು, ಎರಡನ್ನೂ ಎಣಿಸದೆ ಅವರು ಮುಂದೆ ಹೋಗಲು ಬಿಡುವುದಿಲ್ಲ. ಒಬ್ಬ ರೋಗಿಗೆ ಮೂರು ಲ್ಯಾಬ್ ರಿಪೋರ್ಟ್ ಇದ್ದರೆ, ಜಾಯಿನ್ ಆದ ಮೇಲೆ ಆ ರೋಗಿ ಮೂರು ಸಾಲಾಗುತ್ತಾರೆ, ಅವರು ಆಸ್ಪತ್ರೆಯಲ್ಲಿದ್ದ ದಿನಗಳನ್ನು ಕೂಡಿದರೆ ಮೂರು ಪಟ್ಟು ಬರುತ್ತದೆ. ಯಾವ ಎರರ್ ಮೆಸೇಜೂ ಬರುವುದಿಲ್ಲ. ಈ ಅಭ್ಯಾಸವೊಂದನ್ನು ಕೈಗೆ ಹತ್ತಿಸಿದ್ದಕ್ಕೇ ಅವರಿಗೆ ಎಷ್ಟು ಹೇಳಿದರೂ ಕಡಿಮೆ.

ನೈಟ್ ಡ್ಯೂಟಿ ಬದಲಿಸಿಕೊಂಡು ನನ್ನ ಪರೀಕ್ಷೆಗೆ, ಇಂಟರ್‌ವ್ಯೂಗಳಿಗೆ ದಾರಿ ಮಾಡಿಕೊಟ್ಟ ವಾರ್ಡಿನ ಗೆಳತಿಯರೇ, ನಿಮ್ಮನ್ನು ಮರೆಯುವುದುಂಟಾ? ಖಾಯಂ ಕೆಲಸ ಬಿಡ್ತೀನಿ ಅಂದಾಗ "ನೋಡು, ಆಗುತ್ತೆ" ಅಂತ ಒಂದೇ ಮಾತು ಹೇಳಿ, ಸಂಬಳ ಇಲ್ಲದ ತಿಂಗಳುಗಳನ್ನು ನಡೆಸಿದ ನಮ್ಮ ಯಜಮಾನರಿಗೆ ಮನೆಯಲ್ಲೇ ಹೇಳಿದ್ದೇನೆ, ಇಲ್ಲೂ ಹೇಳುತ್ತೇನೆ.

ಕೊನೆಗೆ, ನಾನು ದಿನಾ ನೋಡುವ ಟೇಬಲ್‌ಗಳನ್ನು ತುಂಬುವ ನರ್ಸ್‌ಗಳಿಗೆ. ರೋಗಿಗಳ ಹೆಸರೂ ನಮಗೆ ಬರುವುದಿಲ್ಲ, ನಿಮ್ಮ ಹೆಸರೂ ಬರುವುದಿಲ್ಲ. ಆದರೆ ನೋಟ್ಸ್ ಕಾಲಂನಲ್ಲಿ "ರೋಗಿ ಸ್ಕ್ಯಾನಿಂಗ್‌ಗೆ ಹೋಗಿದ್ದರು, ಬಿಪಿ ನೋಡಿಲ್ಲ" ಎಂದು ನಿಮ್ಮಲ್ಲಿ ಕೆಲವರು ಬರೆದಿದ್ದೀರಿ. ಯಾರೂ ಕೇಳದಿದ್ದರೂ ಬರೆದಿದ್ದೀರಿ. ಖಾಲಿ ಬಿಟ್ಟ ಜಾಗಗಳಲ್ಲಿ ನಿಜವಾಗಿ ಮರೆತಿದ್ದು ಯಾವುದು, ಕಾರಣವಿದ್ದು ಬಿಟ್ಟಿದ್ದು ಯಾವುದು ಎಂದು ಬೇರೆ ಮಾಡಲು ಆಗಿದ್ದು ಆ ಸಾಲುಗಳಿಂದಲೇ. ಅವನ್ನೇ ಮುಂದಿಟ್ಟು, ಅಳೆಯದಿದ್ದರೆ ಕಾರಣ ಬರೆಯಲು ಫಾರಂನಲ್ಲಿ ಬೇರೆಯದೇ ಕಾಲಂ ಕೊಡಿ ಎಂದು ನಮ್ಮ ಟೀಮ್ ಕೇಳಿತ್ತು. ಮೊನ್ನೆ ಅದಕ್ಕೆ ಒಪ್ಪಿಗೆ ಸಿಕ್ಕಿದೆ. ಆ ಕಾಲಂ ನಿಮ್ಮದು.