ನೆಟ್ಟ ಮೇಲೆಯೂ ಬಂದವರಿಗೆ

ಸ್ಥಳೀಯ ಗಿಡಗಳನ್ನು ಮರಳಿ ಬೆಳೆಸಲು ನಾವು ಹಿಡಿದಿದ್ದ ಇಳಿಜಾರಿನ ಮೇಲ್ಭಾಗದಲ್ಲಿ ಈ ವರ್ಷ ಕೊಂಬೆಗೆ ಕೊಂಬೆ ಕೂಡಿಕೊಂಡಿದೆ. ಅಡಿಯಲ್ಲಿ ನೆರಳು ನಿಂತಿದೆ; ಬಿಸಿಲಿಲ್ಲದೆ ಬದುಕಲಾರದ ಕಳೆಗಳು ತಾವಾಗಿಯೇ ಸೊರಗುತ್ತಿವೆ. ಇನ್ನು ಅಲ್ಲಿಗೆ ವಾರವಾರ ಗುದ್ದಲಿ ಹೊತ್ತು ಹೋಗಬೇಕಾಗಿಲ್ಲ, ಆಗಾಗ ಒಂದು ಸುತ್ತು ಹಾಕಿ ಬಂದರೆ ಸಾಕು. ಇಂಥ ದಿನ ಬರುತ್ತದೆಂದು ನಮ್ಮಲ್ಲೇ ಹಲವರು ನಂಬಿರಲಿಲ್ಲ. ಬಂದಿದೆ. ಹಾಗಾಗಿ ಯಾರ ಋಣ ನಮ್ಮ ಮೇಲಿದೆ ಎಂಬುದನ್ನು ಎಲ್ಲರೆದುರು ಹೇಳಿಬಿಡಬೇಕು.

ಸಸಿ ನೆಡುವ ದಿನಕ್ಕೆ ಜನ ಕರೆಯದಿದ್ದರೂ ಬರುತ್ತಾರೆ. ಅವರಿಗೂ ವಂದನೆ, ಇದರಲ್ಲಿ ಕೊಂಕಿಲ್ಲ. ಆದರೆ ಈ ಬರಹ ಮುಖ್ಯವಾಗಿ ಫೋಟೊಗಳಲ್ಲಿ ಕಾಣಿಸದವರಿಗಾಗಿ.

ಮೊದಲ ನಮಸ್ಕಾರ ನಮ್ಮ ನರ್ಸರಿ ನೋಡಿಕೊಳ್ಳುವ ಅಕ್ಕನಿಗೆ. ನೆಡುವ ದಿನ ನಿಗದಿಯಾಗಿತ್ತು, ಗುಂಡಿಗಳು ತಯಾರಿದ್ದವು. ಮಣ್ಣು ಒದ್ದೆಯಿದ್ದರೂ ಒಂದು ಸಾಲಿನ ಸಸಿಗಳು ಬಾಡಿ ನಿಂತದ್ದು ಅವರ ಕಣ್ಣಿಗೆ ಬಿತ್ತು. ಒಂದನ್ನು ಚೀಲದಿಂದ ಬಿಡಿಸಿ, ಬೇರನ್ನು ಎರಡು ಬೆರಳುಗಳ ನಡುವೆ ಹಿಡಿದು ಮೆಲ್ಲಗೆ ಎಳೆದರು. ಕಂದುಗಟ್ಟಿದ ಮೇಲ್ಪದರ ಜಾರಿ ಬೆರಳಿಗೆ ಬಂತು, ಒಳಗಿನ ದಾರದಂಥ ಎಳೆಯಷ್ಟೇ ಉಳಿಯಿತು. ಪ್ರಯೋಗಾಲಯದ ವರದಿ ಆಮೇಲೆ ಇದು ಫೈಟಾಫ್ತೊರ, ಅಂದರೆ ಬೇರು ಕೊಳೆಸುವ ಸೂಕ್ಷ್ಮಜೀವಿ, ಎಂದಿತು. ಅಕ್ಕ ಅದಕ್ಕೆ ಕಾಯಲಿಲ್ಲ. ಆ ಸಾಲಿನ ಜೊತೆ ಅಕ್ಕಪಕ್ಕದ ಸಾಲುಗಳನ್ನೂ ತಡೆದು, ಒಂದು ಸಸಿಯೂ ಹೊರಗೆ ಹೋಗಕೂಡದು ಎಂದರು. ಚೆನ್ನಾಗಿರುವ ಸಸಿಗಳನ್ನಾದರೂ ಕೊಡಿ ಎಂದು ವಾದಿಸಿದವರಿಗೆ ಅವರು ಹೇಳಿದ್ದು ಕ್ಯಾಲಿಫೋರ್ನಿಯಾದ ಕಥೆ. 2012ರಲ್ಲಿ ಅಲ್ಲಿನ ಸ್ಥಳೀಯ ಸಸ್ಯಗಳ ನರ್ಸರಿಯೊಂದರಲ್ಲಿ ಇದರದೇ ಒಂದು ಜಾತಿ, ಫೈಟಾಫ್ತೊರ ಟೆಂಟಕ್ಯುಲೇಟಾ, ಪತ್ತೆಯಾಯಿತು. ಮುಂದೆ ಅದೇ ರೋಗ ಪುನಶ್ಚೇತನಕ್ಕೆಂದು ನೆಟ್ಟ ಜಾಗಗಳಲ್ಲೂ ಕಾಣಿಸಿಕೊಂಡಿತು. ಕಾಡು ಉಳಿಸಲು ಹೊರಟವರೇ ಕಾಡಿಗೆ ರೋಗ ಹೊತ್ತೊಯ್ದಂತಾಯಿತು. ಈ ಜೀವಿಯ ಬೀಜಾಣುಗಳು ನೀರಿನಲ್ಲಿ ಈಜಬಲ್ಲವು. ಒಮ್ಮೆ ಬಯಲಿನ ಮಣ್ಣಿಗಿಳಿದರೆ ಹೊರಹಾಕುವ ದಾರಿ ಇಲ್ಲವೆಂದೇ ಹೇಳಬೇಕು.

ಅಂದಿನಿಂದ ನರ್ಸರಿಯ ಸಸಿಗಳೆಲ್ಲ ನೆಲಬಿಟ್ಟು ಮೇಜಿನ ಮೇಲಿವೆ. ಕುಂಡಕ್ಕೆ ತುಂಬುವ ಮಿಶ್ರಣಕ್ಕೆ 60 ಡಿಗ್ರಿ ಸೆಲ್ಸಿಯಸ್ ಶಾಖವನ್ನು 30 ನಿಮಿಷ ಕೊಡುತ್ತೇವೆ. ನೀರಿನ ಪೈಪಿನ ತುದಿ ನೆಲಕ್ಕೆ ತಾಗುವಂತಿಲ್ಲ. ಈ ಶಿಸ್ತಿಗೆ ಗೊಣಗಿದವರೂ ಅದನ್ನು ಪಾಲಿಸಿದರು, ಅವರಿಗೂ ಸಲಾಂ.

ಎರಡನೆಯದು ಕಳೆ ತಂಡಕ್ಕೆ. ಲಂಟಾನ ಎಲ್ಲಿ ದಟ್ಟವಾಗಿದೆಯೋ ಅಲ್ಲೇ ಮೊದಲು ನುಗ್ಗಬೇಕು ಎಂಬ ಹುಮ್ಮಸ್ಸು ಎಲ್ಲರಿಗೂ ಇರುತ್ತದೆ. ತಂಡದ ಹಿರಿಯರೊಬ್ಬರು ಬೇಡ ಎಂದರು. ಸಿಡ್ನಿಯ ಜೋನ್ ಮತ್ತು ಐಲೀನ್ ಬ್ರಾಡ್ಲಿ ಸೋದರಿಯರು 1960ರ ದಶಕದಲ್ಲಿ ಕಂಡುಕೊಂಡ ಕ್ರಮ ಅವರಿಗೆ ಪಾಠವಾಗಿತ್ತು: ಚೆನ್ನಾಗಿರುವ ಜಾಗದಿಂದ ಕೆಟ್ಟ ಜಾಗದತ್ತ ಸಾಗು, ಮಣ್ಣನ್ನು ಆದಷ್ಟು ಕಡಿಮೆ ಕದಡು, ಸ್ಥಳೀಯ ಗಿಡ ಚಿಗುರುವ ವೇಗವನ್ನು ಮೀರಿ ಕಳೆ ಕೀಳಬೇಡ. ನೋಡುವವರಿಗೆ ಏನೂ ಆಗುತ್ತಿಲ್ಲ ಎನಿಸುವಷ್ಟು ನಿಧಾನದ ಕೆಲಸ ಅದು. ಆದರೆ ಒಮ್ಮೆಲೇ ಬೋಳಾಗಿಸಿದ ನೆಲಕ್ಕೆ ಲಂಟಾನದ ಬದಲು ಪಾರ್ಥೇನಿಯಂ ಬಂದು ಕೂರುತ್ತದೆ. ಅದರ ಒಂದೇ ಗಿಡ ಹತ್ತು ಸಾವಿರಕ್ಕೂ ಹೆಚ್ಚು ಬೀಜ ಉದುರಿಸಬಲ್ಲದು. ಹೂ ಬಿಡುವ ಮೊದಲೇ, ಕೈಗವಸು ತೊಟ್ಟು, ಚರ್ಮ ತುರಿಸಿದರೂ ಮತ್ತೆ ಮತ್ತೆ ಕಿತ್ತವರು ನೀವು.

ಇನ್ನೂ ಕಷ್ಟದ ಕೆಲಸ, ಎಳೆ ಮೊಳಕೆಗಳಲ್ಲಿ ಯಾವುದು ನಮ್ಮದು, ಯಾವುದು ಕಳೆ ಎಂದು ಗುರುತಿಸುವುದು. ಎಳೆಯ ಲಂಟಾನದ ಕಾಂಡವನ್ನು ಬೆರಳಲ್ಲಿ ಹೊರಳಿಸಿದರೆ ನಾಲ್ಕು ಮೂಲೆ ಸಿಗುತ್ತದೆ, ಎಲೆ ಹೊಸಕಿದರೆ ಗಾಟು ವಾಸನೆ ಬರುತ್ತದೆ. ಹೊಸಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಬೇಸರವಿಲ್ಲದೆ ಇದನ್ನು ಕಲಿಸಿದವರು ಉಳಿಸಿದ ಸಸಿಗಳು ಎಷ್ಟೋ.

ನಿವೃತ್ತ ಕೀಟಶಾಸ್ತ್ರಜ್ಞರೊಬ್ಬರಿಗೆ ಬೇರೆಯದೇ ಬಗೆಯ ಕೃತಜ್ಞತೆ. ಕಂಬಳಿಹುಳುಗಳು ಎಲೆಗಳನ್ನು ಜಾಲರಿ ಮಾಡಿಬಿಟ್ಟಾಗ ಔಷಧಿ ಹೊಡೆಯೋಣ ಎಂಬ ಕೂಗೆದ್ದಿತ್ತು. "ಇವು ಬರಲಿ ಎಂದೇ ಅಲ್ಲವೇ ಈ ಗಿಡ ನೆಟ್ಟದ್ದು?" ಎಂದು ಅವರು ತಡೆದರು. ಗಿಡಗಳು ಮತ್ತೆ ಚಿಗುರಿದವು. ಹಾಗೆಂದು ಅವರು ಎಲ್ಲ ಹುಳುಗಳ ವಕೀಲರೂ ಅಲ್ಲ. ಎಳೆ ಸಸಿಗಳಿಗೆ ಹಿಟ್ಟು ತಿಗಣೆ ಅಂಟಿದಾಗ, ಸಿಹಿ ಸ್ರಾವದ ಆಸೆಗೆ ಅವನ್ನು ಕಾಯುವ ಇರುವೆಗಳ ಸಾಲನ್ನು ಮೊದಲು ತಪ್ಪಿಸಿ, ಸಾಬೂನು ನೀರಿನಿಂದ ತೊಳೆಯಲು ಹೇಳಿಕೊಟ್ಟವರೂ ಅವರೇ.

ಪ್ರವೇಶದಲ್ಲಿ ಬ್ರಷ್ ಹಿಡಿದು ಎಲ್ಲರ ಬೂಟಿನ ಮಣ್ಣು ಉಜ್ಜಿಸಿದ ಹುಡುಗರೇ, ಬೈಗುಳ ತಿಂದದ್ದಕ್ಕೆ ಧನ್ಯವಾದ. ಸಸಿಗಳ ಲೆಕ್ಕ ಕೇಳದೆ, ನೆಟ್ಟ ನಂತರದ ವರ್ಷಗಳ ಕಳೆ ಕೆಲಸಕ್ಕೆಂದೇ ಹಣ ಕೊಟ್ಟ ದಾನಿಗಳೇ, ನಿಮ್ಮಂಥವರು ಅಪರೂಪ.

ಕೆಳಗಿನ ಭಾಗದಲ್ಲಿ ಗಿನಿ ಹುಲ್ಲು ಇನ್ನೂ ಆಳೆತ್ತರವಿದೆ. ಬೀಜ ಕಟ್ಟುವ ಮೊದಲೇ ಕೊಯ್ಯಬೇಕು. ಬರುವವರು ಕೈಗವಸು ತನ್ನಿ, ಬೂಟು ತೊಳೆದುಕೊಂಡು ಬನ್ನಿ. ಬ್ರಷ್ ಹಿಡಿದ ಹುಡುಗರು ಅಲ್ಲೇ ಇರುತ್ತಾರೆ.